ಮೊದಲ ಪ್ರೀತಿಯಲ್ಲಿ ಮೂರನೆಯವನು

ಒಂಬತ್ತನೇ ಕ್ಲಾಸಿನ ಹುಡುಗನಿಗೆ ಪಕ್ಕದ ಸೆಕ್ಷನ್ನಿನ ಹುಡುಗಿಯೊಬ್ಬಳು ಇಷ್ಟವಾಗಿದ್ದಾಳೆ ಅನ್ನುವುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವನ ಬೆಂಚಿನಲ್ಲಿ ಕೂರುವ ಗೆಳೆಯನಿಗೆ. ಆ ಹುಡುಗಿಗೆ ಗೊತ್ತಿರುವುದಿಲ್ಲ. ಅಪ್ಪ ಅಮ್ಮನ ಮಾತಂತೂ ಬೇಡ. ಎಷ್ಟೋ ಸಲ ಹುಡುಗನಿಗೇ ಅದು ಪೂರ್ತಿ ಗೊತ್ತಿರುವುದಿಲ್ಲ. ಪ್ರೇಯರ್ ಮುಗಿದು ಸಾಲು ಕದಲುವಾಗ ಇವನ ಕಣ್ಣು ಯಾವ ಕಡೆ ಹೊರಳಿತು, ಅವಳು ಎದುರಾದಾಗ ಇವನ ಮಾತು ಎಲ್ಲಿ ತಡವರಿಸಿತು, ಗೆಳೆಯ ನೋಡಿರುತ್ತಾನೆ. ಸಂಜೆಯೊಳಗೆ ಇಡೀ ಬಳಗಕ್ಕೆ ಸುದ್ದಿ. ಮಾರನೇ ದಿನ ಅವಳು ಬರುತ್ತಿದ್ದರೆ ಹಿಂದಿನಿಂದ ಒಬ್ಬ ‘ಮಗಾ, ಅತ್ತಿಗೆ ಬಂದ್ರು’ ಅನ್ನುತ್ತಾನೆ, ಇನ್ನೊಬ್ಬ ಇವನನ್ನು ಅವಳ ದಾರಿಗೆ ಅಡ್ಡ ಬೀಳುವಂತೆ ತಳ್ಳುತ್ತಾನೆ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಇಬ್ಬರ ಹೆಸರಿನ ಅಕ್ಷರ ಹೊಡೆದುಹಾಕಿ ಫ್ಲೇಮ್ಸ್ ಲೆಕ್ಕ ನಡೆಯುತ್ತದೆ. ಹುಡುಗ ಸಿಟ್ಟು ಮಾಡಿಕೊಂಡಂತೆ ನಟಿಸುತ್ತಾನೆ. ಒಳಗೊಳಗೆ ಅವನಿಗೆ ಖುಷಿ, ಭಯ, ನಾಚಿಕೆ ಮೂರೂ ಒಟ್ಟಿಗೆ.

ದೊಡ್ಡವರಿಗೆ ಸುದ್ದಿ ತಲುಪಿದಾಗ ನಾವು ಕೇಳುವ ಮೊದಲ ಪ್ರಶ್ನೆ ‘ಯಾರು ಆ ಹುಡುಗಿ?’ ಎಂಬುದು. ಹದಿಮೂರರಿಂದ ಹದಿನೇಳರ ನಡುವಿನ ಹುಡುಗನನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕೇಳಬೇಕಾದ್ದು ಇನ್ನೊಂದು ಪ್ರಶ್ನೆ ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ. ಅವನ ಗೆಳೆಯರು ಯಾರು? ಅವರ ಮುಂದೆ ಅವನು ಹೇಗಿರುತ್ತಾನೆ? ಆ ವಯಸ್ಸಿನ ಪ್ರೀತಿ ಇಬ್ಬರ ನಡುವೆ ನಡೆಯುವುದೇ ಅಪರೂಪ. ಅಲ್ಲೊಬ್ಬ ಮೂರನೆಯವನು ಇದ್ದೇ ಇರುತ್ತಾನೆ. ಹುಡುಗ ಸಭ್ಯನಾಗುತ್ತಾನೋ ಪುಂಡನಾಗುತ್ತಾನೋ, ಬೇಡ ಎಂದಾಗ ಸುಮ್ಮನೆ ಹಿಂದೆ ಸರಿಯುತ್ತಾನೋ ಇಲ್ಲವೋ, ತಾನು ಎಂಥವನು ಎಂದು ತನಗೆ ತಾನೇ ಏನು ಹೇಳಿಕೊಳ್ಳುತ್ತಾನೆ, ಇವೆಲ್ಲ ಬಹುಪಾಲು ಆ ಮೂರನೆಯವನ ಕಣ್ಣೆದುರಿನಲ್ಲೇ ತೀರ್ಮಾನವಾಗುತ್ತವೆ.

ಇಷ್ಟಕ್ಕೂ ಮೊದಲು ಮೈ ಬದಲಾಗಿರುತ್ತದೆ. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಬಾಲ್ಯದುದ್ದಕ್ಕೂ ಹೆಚ್ಚುಕಡಿಮೆ ಮೌನವಾಗಿದ್ದು, ಒಂದು ಹಂತದಲ್ಲಿ ಪಿಟ್ಯುಟರಿ ಗ್ರಂಥಿಗೆ ಬಿಟ್ಟು ಬಿಟ್ಟು ಸಂದೇಶ ಕಳಿಸಲು ಶುರು ಮಾಡುತ್ತದೆ. ಮೊದಮೊದಲು ಇದು ನಡೆಯುವುದು ರಾತ್ರಿ ನಿದ್ದೆಯಲ್ಲಿ. ಅಲ್ಲಿಂದ ಹೊರಟ ಹಾರ್ಮೋನು ವೃಷಣಗಳನ್ನು ಎಚ್ಚರಿಸುತ್ತದೆ, ಟೆಸ್ಟೊಸ್ಟೆರಾನ್ ಏರುತ್ತದೆ, ಬೆಳವಣಿಗೆ ಓಟ ಹಿಡಿಯುತ್ತದೆ. ಹುಡುಗರಲ್ಲಿ ಇದು 9ರಿಂದ 14 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಅಂದರೆ ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬನಿಗೆ ಮೀಸೆ ಚಿಗುರಿ ದನಿ ಒಡೆದಿರುತ್ತದೆ, ಇನ್ನೊಬ್ಬ ಇನ್ನೂ ಮಗುವಿನ ದನಿಯಲ್ಲೇ ನಾಡಗೀತೆ ಹಾಡುತ್ತಿರುತ್ತಾನೆ. ಇಬ್ಬರೂ ಸರಿಯಾಗಿಯೇ ಇದ್ದಾರೆ ಎಂದು ಯಾರೂ ಅವರಿಗೆ ಹೇಳುವುದಿಲ್ಲ. ಹುಡುಗಿಯರ ಬೆಳವಣಿಗೆಯ ಓಟ ಸುಮಾರು ಎರಡು ವರ್ಷ ಮೊದಲೇ ಶುರುವಾಗುವುದರಿಂದ ಏಳನೇ, ಎಂಟನೇ ಕ್ಲಾಸಿನಲ್ಲಿ ಹುಡುಗ ಮೆಚ್ಚಿದ ಹುಡುಗಿ ಅವನಿಗಿಂತ ಗೇಣುದ್ದ ಎತ್ತರ ಇದ್ದರೂ ಇರಬಹುದು.

ಇಲ್ಲಿ ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಹದಿಹರೆಯದ ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೆಲವು ಕಾಲ ಎದೆಯ ತೊಟ್ಟಿನ ಕೆಳಗೆ ಗಂಟು ಕಟ್ಟಿ ಎದೆ ಸ್ವಲ್ಪ ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ. ಹಾರ್ಮೋನುಗಳ ಏರುಪೇರಿನಿಂದ ಆಗುವಂಥದ್ದು. ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇದು ಗೊತ್ತಿಲ್ಲದ ಹುಡುಗ ಬೆನ್ನು ಬಾಗಿಸಿ ನಡೆಯುತ್ತಾನೆ, ದೊಗಳೆ ಅಂಗಿ ಹುಡುಕುತ್ತಾನೆ, ಗೆಳೆಯರು ಬಾವಿಗೋ ಕೆರೆಗೋ ಈಜಲು ಹೊರಟರೆ ಹೊಟ್ಟೆನೋವಿನ ನೆಪ ಹೇಳುತ್ತಾನೆ. ನಿದ್ದೆಯಲ್ಲಿ ಆಗುವ ಸ್ಖಲನವೂ ಹಾಗೆಯೇ. ಅದರ ಬಗ್ಗೆ ಮನೆಯಲ್ಲಿ ಒಂದು ಮಾತೂ ಇಲ್ಲ. ಮಾತಾಡುವುದು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು ಮಾತ್ರ. ವೀರ್ಯ ಹೋದರೆ ಶಕ್ತಿಯೇ ಹೋಯಿತು ಎಂಬ ಭಯದಲ್ಲಿ ಸೊರಗುವ ಯುವಕರನ್ನು ನಮ್ಮ ದೇಶದ ವೈದ್ಯರು ಎಷ್ಟು ನೋಡಿದರೆಂದರೆ, ಮನೋವೈದ್ಯ ನರೇಂದ್ರನಾಥ ವಿಗ್ 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರೇ ಇಟ್ಟರು. ಸ್ಖಲನ ರೋಗವಲ್ಲ, ಅದರ ಸುತ್ತ ಬೆಳೆದ ಭಯವೇ ಕಾಯಿಲೆಯಾಗಿತ್ತು. ಹುಡುಗನಿಗೆ ಹತ್ತು ನಿಮಿಷ ಯಾರಾದರೂ ನೆಟ್ಟಗೆ ಮಾತಾಡಿದ್ದರೆ ತಪ್ಪುತ್ತಿದ್ದ ಸಂಕಟ ಅದು. ಅಪ್ಪ ಹೇಳಲಿಲ್ಲ, ಮೇಷ್ಟ್ರು ಸಂತಾನೋತ್ಪತ್ತಿಯ ಪಾಠವನ್ನು ಮನೆಯಲ್ಲೇ ಓದಿಕೊಳ್ಳಿ ಅಂದರು. ಹಾಗಾಗಿ ಅದನ್ನೂ ಕೇಳಬೇಕಾದ್ದು ಗೆಳೆಯನನ್ನೇ. ಅವನಿಗೂ ಗೊತ್ತಿಲ್ಲ.

ಗೆಳೆತನ ಮೊದಲು, ಪ್ರೀತಿ ಆಮೇಲೆ ಎಂಬ ಕ್ರಮವನ್ನು ಗಂಭೀರವಾಗಿ ತೆಗೆದುಕೊಂಡವರು ಅಮೆರಿಕದ ಮನೋವೈದ್ಯ ಹ್ಯಾರಿ ಸ್ಟಾಕ್ ಸಲಿವನ್. ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರ ಹೊಲದ ಮನೆಯಲ್ಲಿ ಒಂಟಿಯಾಗಿ ಬೆಳೆದವರು. ಅವರು ತೀರಿಕೊಂಡ ಮೇಲೆ 1953ರಲ್ಲಿ ಪುಸ್ತಕವಾಗಿ ಬಂದ ಅವರ ಉಪನ್ಯಾಸಗಳಲ್ಲಿ ಒಂದು ಸರಳವಾದ, ಆಳವಾದ ವಿಚಾರ ಇದೆ. ಮಗುವಿಗೆ ಗುಂಪಿನಲ್ಲಿ ಆಡುವ ಜೊತೆಗಾರರು ಇರುತ್ತಾರೆ. ಎಂಟು, ಒಂಬತ್ತು, ಹತ್ತು ವರ್ಷದ ಹೊತ್ತಿಗೆ ಅವರಲ್ಲೊಬ್ಬ ಬೇರೆಯಾಗಿ ಕಾಣತೊಡಗುತ್ತಾನೆ. ಅವನ ಸಂತೋಷ ತನ್ನ ಸಂತೋಷದಷ್ಟೇ ಮುಖ್ಯವಾಗುತ್ತದೆ. ಸಲಿವನ್ ಪ್ರಕಾರ ಮನುಷ್ಯ ಇನ್ನೊಬ್ಬರನ್ನು ನಿಜವಾಗಿ ಪ್ರೀತಿಸುವುದನ್ನು ಕಲಿಯುವುದು ಅಲ್ಲಿಯೇ. ಮನೆಯಲ್ಲಿ ಕಲಿಯದೆ ಉಳಿದದ್ದನ್ನು ತುಂಬಿಕೊಳ್ಳುವ ಅವಕಾಶವೂ ಅಲ್ಲಿದೆ. ಗೆಳೆಯನಿಗೆ ಕಾಲು ಮುರಿದಾಗ ಅವನ ಬ್ಯಾಗನ್ನೂ ತಾನೇ ಹೊತ್ತು ಸ್ಕೂಲಿಗೆ ಹೋದ ಹುಡುಗ, ಅವನ ಮನೆಯಲ್ಲಿ ಅಪ್ಪ ಕುಡಿದು ಗಲಾಟೆ ಮಾಡಿದ ರಾತ್ರಿ ಯಾರಿಗೂ ಹೇಳದೆ ತನ್ನ ಮನೆಯಲ್ಲಿ ಮಲಗಿಸಿಕೊಂಡ ಹುಡುಗ, ಮುಂದೆ ಹುಡುಗಿಯನ್ನು ಪ್ರೀತಿಸುವಾಗ ಬೇಕಾಗುವ ಪಾಠವನ್ನು ಆಗಲೇ ಕಲಿತಿರುತ್ತಾನೆ.

ಹಾಗಾದರೆ ಗೆಳೆತನದಿಂದ ಪ್ರೀತಿಗೆ ದಾಟುವ ಸೇತುವೆ ಯಾವುದು? ಡೆಕ್ಸ್‌ಟರ್ ಡನ್‌ಫಿ ಎಂಬ ಸಮಾಜವಿಜ್ಞಾನಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹದಿಹರೆಯದವರ ಗುಂಪುಗಳ ಜೊತೆ ಓಡಾಡಿ, ಅವರು ಬೀದಿ ಮೂಲೆಯಲ್ಲಿ, ಸಮುದ್ರ ದಂಡೆಯಲ್ಲಿ ಹೇಗೆ ಸೇರುತ್ತಾರೆ ಎಂದು ನೋಡಿ 1963ರಲ್ಲಿ ಬರೆದರು. ಮೊದಲು ಹುಡುಗರದ್ದೇ ಸಣ್ಣ ಗುಂಪು, ಹುಡುಗಿಯರದ್ದೇ ಸಣ್ಣ ಗುಂಪು. ಆಮೇಲೆ ಈ ಗುಂಪುಗಳು ಹತ್ತಿರ ಬಂದು ಒಂದನ್ನೊಂದು ಕೆಣಕುತ್ತವೆ, ಛೇಡಿಸುತ್ತವೆ. ಮುಂದೆ ಹುಡುಗ ಹುಡುಗಿಯರು ಬೆರೆತ ಗುಂಪುಗಳಾಗುತ್ತವೆ. ಅದರಲ್ಲಿ ಒಟ್ಟಿಗೆ ಇದ್ದು, ಜಗಳವಾಡಿ, ಮಾತು ಕಲಿತ ಮೇಲೆ, ಕೊನೆಯಲ್ಲಿ ಜೋಡಿಗಳು ಬೇರೆಯಾಗುತ್ತವೆ. ಅಂದರೆ ಹುಡುಗ ಒಬ್ಬಳು ಹುಡುಗಿಯನ್ನು ಪ್ರೀತಿಸುವ ಮುಂಚೆ ಹತ್ತು ಹುಡುಗಿಯರ ಜೊತೆ ಮಾತಾಡಿರುತ್ತಾನೆ.

ಇದು ಸಿಡ್ನಿಯ ಕಥೆ. ನಮ್ಮ ಬಹುಪಾಲು ಊರುಗಳಲ್ಲಿ ಈ ಮಧ್ಯದ ಮೆಟ್ಟಿಲೇ ಇಲ್ಲ. ಕ್ಲಾಸಿನಲ್ಲಿ ಎಡಗಡೆ ಹುಡುಗರ ಸಾಲು, ಬಲಗಡೆ ಹುಡುಗಿಯರ ಸಾಲು. ಮಾತಾಡಿಸಿದರೆ ಆಫೀಸ್ ರೂಮಿಗೆ ಕರೆ. ತಪ್ಪು ಮಾಡಿದ ಹುಡುಗನನ್ನು ಹುಡುಗಿಯರ ಬೆಂಚಿನಲ್ಲಿ ಕೂರಿಸುವುದನ್ನು ಶಿಕ್ಷೆ ಎಂದು ಭಾವಿಸಿದ ಶಾಲೆಗಳು ನಮ್ಮವು. ಹುಡುಗಿ ಅಂದರೆ ಮಾತಾಡಬಹುದಾದ ಒಬ್ಬ ಸಹಪಾಠಿ ಎಂಬ ಅನುಭವವೇ ಇಲ್ಲದೆ ಹುಡುಗ ನೇರ ಪ್ರೀತಿಗೆ ಬೀಳುತ್ತಾನೆ. ಅವನು ಪ್ರೀತಿಸುವುದು ಅವಳ ನಡಿಗೆಯನ್ನು, ಜಡೆಯನ್ನು, ದೂರದಿಂದ ಕಂಡ ನಗುವನ್ನು. ಉಳಿದದ್ದನ್ನೆಲ್ಲ ತಾನೇ ಕಲ್ಪಿಸಿಕೊಂಡು ತುಂಬುತ್ತಾನೆ. ಖಾಲಿ ಉಳಿದ ಜಾಗಕ್ಕೆ ಸಿನಿಮಾ ಬಂದು ಕೂರುತ್ತದೆ. ಬೇಡ ಬೇಡ ಎನ್ನುವವಳ ಹಿಂದೆ ಹಾಡು ಹಾಡಿಕೊಂಡು ಅಲೆದು ಕೊನೆಗೆ ಒಲಿಸಿಕೊಳ್ಳುವ ನಾಯಕನನ್ನು ಅವನು ನೂರು ಸಲ ನೋಡಿದ್ದಾನೆ. ಒಬ್ಬಳು ಸ್ಪಷ್ಟವಾಗಿ ಬೇಡವೆಂದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು 2013ರಿಂದ ನಮ್ಮ ದಂಡಸಂಹಿತೆಯಲ್ಲಿ ಅಪರಾಧ. ಈಗಿನ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮೂ ಅದನ್ನೇ ಹೇಳುತ್ತದೆ. ಆದರೆ ಈ ಕಲಮನ್ನು ಓದಿದ ಹೈಸ್ಕೂಲು ಹುಡುಗ ಎಲ್ಲಿದ್ದಾನೆ? ಅವನಿಗೆ ‘ಟ್ರೈ ಮಾಡ್ತಾ ಇರು ಮಗಾ, ಒಪ್ಕೋತಾಳೆ’ ಎನ್ನುವ ಗೆಳೆಯ ಇದ್ದಾನೆ.

ಗೆಳೆಯನ ಮಾತಿಗೆ ಇಷ್ಟು ತೂಕ ಏಕೆ ಎನ್ನುವುದಕ್ಕೆ ಒಂದು ಒಳ್ಳೆಯ ಪ್ರಯೋಗ ಇದೆ. ಮಾರ್ಗೊ ಗಾರ್ಡ್ನರ್ ಮತ್ತು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ್ದು. ಕಂಪ್ಯೂಟರ್ ಆಟದಲ್ಲಿ ಕಾರು ಓಡಿಸಬೇಕು, ಹಳದಿ ದೀಪ ಬಂದಾಗ ನಿಲ್ಲಿಸಬೇಕೋ ಮುಂದೆ ಹೋಗಬೇಕೋ ನಿರ್ಧರಿಸಬೇಕು. 13ರಿಂದ 16 ವರ್ಷದವರು ಒಬ್ಬರೇ ಆಡಿದಾಗ ಸಾಕಷ್ಟು ಎಚ್ಚರದಿಂದಲೇ ಆಡಿದರು. ಪಕ್ಕದಲ್ಲಿ ಗೆಳೆಯರು ನಿಂತು ನೋಡಿದಾಗ ಅಪಾಯಕ್ಕೆ ಕೈಹಾಕುವುದು ಬಹಳ ಹೆಚ್ಚಾಯಿತು. 24 ವರ್ಷ ದಾಟಿದವರು ಮಾತ್ರ ಗೆಳೆಯರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬಂತೆ ಆಡಿದರು. 2011ರಲ್ಲಿ ಸ್ಟೈನ್‌ಬರ್ಗ್ ಮತ್ತು ಅವರ ಸಂಗಡಿಗರು ಇಂಥದೇ ಆಟವನ್ನು ಮೆದುಳಿನ ಸ್ಕ್ಯಾನಿಂಗ್ ಯಂತ್ರದೊಳಗೆ ಆಡಿಸಿದರು. ಗೆಳೆಯರು ಪಕ್ಕದ ಕೋಣೆಯಿಂದ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ಹದಿಹರೆಯದವರ ಮೆದುಳಿನಲ್ಲಿ ಸಿಹಿ ಸಿಕ್ಕಾಗ, ಹಣ ಗೆದ್ದಾಗ ಚುರುಕಾಗುವ ಭಾಗಗಳು ಹೆಚ್ಚು ಚುರುಕಾದವು. ತಡೆದು ಯೋಚಿಸುವ ಮುಂಭಾಗದ ಮೆದುಳು ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಆಗಬೇಕು.

ಮನೆಯಲ್ಲಿ ತಂಗಿಯ ಜಡೆ ಹೆಣೆಯುವ, ಅಜ್ಜಿಗೆ ಮಾತ್ರೆ ಕೊಡುವ ಹುಡುಗ ಬಸ್‌ಸ್ಟಾಪಿನಲ್ಲಿ ಗೆಳೆಯರ ನಡುವೆ ನಿಂತು ಹುಡುಗಿಗೆ ಶಿಳ್ಳೆ ಹೊಡೆದನೆಂದರೆ ಅವನ ತಾಯಿ ನಂಬುವುದಿಲ್ಲ. ನಂಬಬೇಕು. ಇಬ್ಬರೂ ಅವನೇ. ಹಾಗಂತ ಶಿಳ್ಳೆಗೆ ಮೆದುಳಿನ ನೆಪ ಹೇಳಿ ಕ್ಷಮಿಸಿಬಿಡುವ ಮಾತಲ್ಲ ಇದು. ನೋಡುಗರನ್ನು ಬದಲಿಸಿದರೆ ಹುಡುಗನ ನಡತೆ ಬದಲಾಗುತ್ತದೆ ಎಂಬುದನ್ನು ಬಲವಾಗಿ ಹಿಡಿದುಕೊಳ್ಳಬೇಕಾದ ಮಾತು. ‘ಬಿಡು ಮಗಾ, ಅವಳಿಗೆ ಇಷ್ಟ ಇಲ್ಲ, ಸುಮ್ನೆ ತೊಂದ್ರೆ ಕೊಡ್ಬೇಡ’ ಎಂದು ಬಳಗದಲ್ಲಿ ಒಬ್ಬನೇ ಒಬ್ಬ ಹೇಳಿದರೂ ಅದು ತಂದೆಯ ಒಂದು ಗಂಟೆಯ ಬುದ್ಧಿವಾದಕ್ಕಿಂತ ಮೇಲು. ಹುಡುಗಿ ನಂಬಿ ಕಳಿಸಿದ ಫೋಟೊವನ್ನು ಗ್ರೂಪಿಗೆ ಹಾಕು ಎಂದು ನಾಲ್ವರು ಪೀಡಿಸುವಾಗ ಡಿಲೀಟ್ ಮಾಡು ಎನ್ನುವ ಐದನೆಯವನು ಆ ಹುಡುಗಿಯನ್ನೂ ಉಳಿಸುತ್ತಾನೆ, ಗೆಳೆಯನನ್ನೂ ಉಳಿಸುತ್ತಾನೆ. ಹದಿನೆಂಟರೊಳಗಿನವರ ಅಶ್ಲೀಲ ಚಿತ್ರವನ್ನು ಮುಂದಕ್ಕೆ ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67-ಬಿ ಕಲಮಿನಡಿ, ಮೊದಲ ಸಲದ ಅಪರಾಧಕ್ಕೇ, ಐದು ವರ್ಷದವರೆಗೆ ಜೈಲಿಗೆ ಹೋಗುವಂಥ ಅಪರಾಧ.

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಲೈಂಗಿಕ ಸಂಬಂಧಕ್ಕೆ ಅವರು ಕೊಟ್ಟ ಒಪ್ಪಿಗೆಗೆ ಕಾನೂನಿನ ಬೆಲೆ ಇಲ್ಲ. ಹತ್ತೊಂಬತ್ತರ ಹುಡುಗ, ಹದಿನೇಳರ ಹುಡುಗಿ ಇಬ್ಬರೂ ಮೆಚ್ಚಿ ಓಡಿಹೋದರೆ ಹುಡುಗ ಜೈಲಿನಲ್ಲಿ. ಬೈಕು ಕೊಟ್ಟ ಗೆಳೆಯ, ರೂಮು ಮಾಡಿಕೊಟ್ಟ ಗೆಳೆಯ ಕೂಡ ಸಿಕ್ಕಿಕೊಳ್ಳಬಹುದು, ಕುಮ್ಮಕ್ಕು ಕೊಡುವುದೂ ಅದೇ ಕಾಯ್ದೆಯಡಿ ಅಪರಾಧ. ಇಂಥದೇ ಒಂದು ಪ್ರಕರಣದಲ್ಲಿ 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತನೆ ನಡೆಸುವಂತೆ ಕಾನೂನು ಆಯೋಗವನ್ನು ಕೇಳಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಬಗ್ಗೆ ತಿಳಿಸಿ ಎಂದು ರಾಜ್ಯದ ಶಿಕ್ಷಣ ಇಲಾಖೆಗೂ ಸೂಚಿಸಿತು. ಕಾನೂನು ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದಿತು, 16ರಿಂದ 18ರ ನಡುವಿನವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆಯ ಅವಕಾಶ ಇರಲಿ ಎಂದಿತು. ಎರಡನೆಯ ಸೂಚನೆ, ಅಂದರೆ ಮಕ್ಕಳಿಗೆ ತಿಳಿಸುವ ಕೆಲಸ, ಪ್ರತಿ ಹೈಸ್ಕೂಲಿನಲ್ಲಿ ಪ್ರತಿ ವರ್ಷ ನಡೆಯಲೇಬೇಕು. ಹದಿಹರೆಯದ ಶಿಕ್ಷಣದ ಹೆಸರು ಕೇಳಿದರೇ ಬೆಚ್ಚಿದವರು ನಾವು. ಕೇಂದ್ರದ ಅಂಥದೊಂದು ಕಾರ್ಯಕ್ರಮಕ್ಕೆ 2007ರ ಸುಮಾರಿಗೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅಡ್ಡ ನಿಂತವು. ಆ ಹಿಂಜರಿಕೆಯ ಬೆಲೆ ತೆರುತ್ತಿರುವವರು ಮಕ್ಕಳು.

ಇಷ್ಟು ಹೊತ್ತೂ ಹುಡುಗನಿಗೆ ಹುಡುಗಿ ಇಷ್ಟವಾಗುತ್ತಾಳೆ ಎಂದುಕೊಂಡೇ ಬರೆದೆ. ಹುಡುಗನಿಗೆ ಹುಡುಗನೇ ಇಷ್ಟವಾದರೆ? ಆಗ ಆ ಮೂರನೆಯವನೇ ಇರುವುದಿಲ್ಲ. ಎಲ್ಲರೂ ಅವರವರ ಹುಡುಗಿಯ ಹೆಸರು ಹೇಳುವಾಗ ಅವನೂ ಯಾವುದೋ ಒಂದು ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾನೆ. ಮನಸ್ಸಿನಲ್ಲಿರುವವನು ಪಕ್ಕದಲ್ಲೇ ಕೂತಿರಬಹುದು, ಹೆಗಲ ಮೇಲೆ ಕೈ ಹಾಕಿಕೊಂಡೇ ಕೂತಿರಬಹುದು. ಅವನಿಗೆ ಹೇಳಿದರೆ ಪ್ರೀತಿಯೂ ಹೋದೀತು, ಗೆಳೆತನವೂ ಹೋದೀತು. ನಡಿಗೆಯೋ ದನಿಯೋ ಸ್ವಲ್ಪ ಮೃದುವಾಗಿದ್ದರಂತೂ ಬಳಗದ ಗೇಲಿ ಬೇರೆ. ಕನ್ನಡದಲ್ಲಿ ಈ ಒಂಟಿತನವನ್ನು ಕಥೆಯಾಗಿ ಓದಲು ನಾವು 2013ರವರೆಗೆ, ವಸುಧೇಂದ್ರರ ‘ಮೋಹನಸ್ವಾಮಿ’ ಬರುವವರೆಗೆ ಕಾಯಬೇಕಾಯಿತು. ಸಂಡೂರಿನ ಈ ಲೇಖಕ ತಾವು ಸಲಿಂಗಿ ಎಂಬುದನ್ನು ಮುಚ್ಚಿಡದೆ ಹೇಳಿದವರು. ಆ ಪುಸ್ತಕ ಯಾವುದೋ ತಾಲ್ಲೂಕಿನ ಗ್ರಂಥಾಲಯದಲ್ಲಿ ಹದಿನಾರರ ಒಬ್ಬ ಹುಡುಗನ ಕೈಗೆ ಸಿಕ್ಕಿದ್ದರೆ, ತಾನೊಬ್ಬನೇ ಹೀಗಿಲ್ಲ ಎಂದು ಅವನಿಗೆ ಗೊತ್ತಾಗಿದ್ದರೆ, ಕನ್ನಡ ಸಾಹಿತ್ಯ ದೊಡ್ಡ ಕೆಲಸ ಮಾಡಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಒಪ್ಪಿಗೆಯುಳ್ಳ ವಯಸ್ಕರ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಕ್ಲಾಸಿನ ಕೊನೇ ಬೆಂಚಿಗೆ ಆ ತೀರ್ಪು ತಲುಪಿಸುವ ಕೆಲಸ ಶಿಕ್ಷಕರದ್ದು. ಗೇಲಿ ಕಿವಿಗೆ ಬಿದ್ದಾಗ ಅದನ್ನು ಅಲ್ಲೇ ನಿಲ್ಲಿಸುವುದರಿಂದ ಅದು ಶುರುವಾಗುತ್ತದೆ.

ಹುಡುಗಿ ಸಿಗಲಿಲ್ಲ ಎನ್ನುವುದಕ್ಕಿಂತ ದೊಡ್ಡ ದುಃಖ ಒಂದಿದೆ, ಅದನ್ನು ನಾವು ದುಃಖವೆಂದೇ ಎಣಿಸುವುದಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ನಿಯೋಬಿ ವೇ ಹಲವು ವರ್ಷ ಹುಡುಗರನ್ನು ಮಾತಾಡಿಸಿ 2011ರಲ್ಲಿ ‘ಡೀಪ್ ಸೀಕ್ರೆಟ್ಸ್’ ಎಂಬ ಪುಸ್ತಕ ಬರೆದರು. ಹದಿನಾಲ್ಕು, ಹದಿನೈದರಲ್ಲಿ ಆ ಹುಡುಗರು ಗೆಳೆಯನ ಬಗ್ಗೆ ತುಂಬು ಪ್ರೀತಿಯಿಂದ, ನಾಚಿಕೆಯಿಲ್ಲದೆ ಮಾತಾಡುತ್ತಾರೆ. ಗುಟ್ಟು ಹಂಚಿಕೊಳ್ಳಲು ಅವನಿಲ್ಲದಿದ್ದರೆ ತಲೆ ಕೆಡುತ್ತದೆ ಎನ್ನುತ್ತಾರೆ. ಹದಿನೇಳರ ಹೊತ್ತಿಗೆ ಅದೇ ಹುಡುಗರು ಅಂಥ ಗೆಳೆಯ ಈಗ ಇಲ್ಲ ಎನ್ನುತ್ತಾರೆ. ಗಂಡಸಾಗುವುದೆಂದರೆ ಯಾರ ಹಂಗೂ ಬೇಡದಿರುವುದು ಎಂದು ಅವರು ಅಷ್ಟರಲ್ಲಿ ಕಲಿತಿರುತ್ತಾರೆ. ಅಮೆರಿಕದಲ್ಲಿ ಹುಡುಗರ ಆತ್ಮಹತ್ಯೆಯ ಪ್ರಮಾಣ ಹುಡುಗಿಯರಿಗಿಂತ ಬಹಳ ಮೇಲೇರುವುದು ಇದೇ ವಯಸ್ಸಿನಲ್ಲಿ ಎಂಬುದನ್ನೂ ವೇ ಗುರುತಿಸುತ್ತಾರೆ.

ನಮ್ಮಲ್ಲಿ ಈ ಅಗಲಿಕೆಗೆ ಒಂದು ನಿಗದಿತ ಕಾಲವೇ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುವಾರ. ಒಬ್ಬ ಸೈನ್ಸ್ ತೆಗೆದುಕೊಂಡು ಮೂಡುಬಿದಿರೆ ಕಡೆಯ ಹಾಸ್ಟೆಲಿಗೆ, ಒಬ್ಬ ತಾಲ್ಲೂಕು ಕೇಂದ್ರದ ಐಟಿಐಗೆ, ಒಬ್ಬ ಡಿಪ್ಲೊಮಾಕ್ಕೆ, ಇನ್ನೊಬ್ಬ ಅಪ್ಪನ ಜೊತೆ ಹೊಲಕ್ಕೆ. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು ಹತ್ತು ದಿನದಲ್ಲಿ ಚದುರುತ್ತಾರೆ. ಸೀಟು ಸಿಕ್ಕಿದ ಸಂಭ್ರಮದಲ್ಲಿರುವ ಮನೆಗೆ ಹುಡುಗ ಯಾಕೆ ಸಪ್ಪಗಿದ್ದಾನೆ ಎಂದು ಹೊಳೆಯುವುದಿಲ್ಲ, ಹೊಳೆದರೂ ಹುಡುಗಿಯ ವಿಷಯ ಇರಬೇಕು ಎಂದು ಫೋನು ಹುಡುಕುತ್ತಾರೆ. ಮೈಸೂರಿನ ಆರ್.ಕೆ. ನಾರಾಯಣ್ 1935ರಲ್ಲೇ ಇದನ್ನು ಬಲ್ಲವರಾಗಿದ್ದರು. ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ನ ಕೊನೆಯಲ್ಲಿ ಹುಡುಗನ ಎದೆ ಒಡೆಯುವುದು ಗೆಳೆಯ ರಾಜಂನ ಅಪ್ಪನಿಗೆ ವರ್ಗವಾಗಿ ಅವನು ಊರು ಬಿಟ್ಟು ರೈಲು ಹತ್ತಿದಾಗ. ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಆಗಿ ಚಿತ್ರಿಸಿದಾಗ ದೇಶವೇ ಮಾಸ್ಟರ್ ಮಂಜುನಾಥನ ಸ್ವಾಮಿಯ ಜೊತೆ ಕಣ್ಣೊರೆಸಿಕೊಂಡಿತು. ನಮ್ಮ ಮನೆಯ ಹುಡುಗನ ರಾಜಂ ಯಾರು ಎಂದು ಮಾತ್ರ ನಮಗೆ ಗೊತ್ತಿರುವುದಿಲ್ಲ.

ಇಂಥ ಸಂಕಟಗಳಲ್ಲಿ ಹುಡುಗರು ನೆರವು ಪಡೆಯಲು ಸರ್ಕಾರದ ಕಡೆಯಿಂದ ಕೆಲವು ದಾರಿಗಳಿವೆ. 10ರಿಂದ 19 ವರ್ಷದವರಿಗಾಗಿ 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಅದರಡಿ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿ ಹುಡುಗರು ಕೂಡ ಹೋಗಿ ಮೈಯ ಬಗ್ಗೆ, ಮನಸ್ಸಿನ ಬಗ್ಗೆ ಕೇಳಬಹುದು. ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು 14416, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ. ಈ ನಂಬರನ್ನು ಹುಡುಗನಿಗೊಬ್ಬನಿಗೆ ಕೊಟ್ಟರೆ ಅವನು ನನಗೇನಾಗಿದೆ ಎಂದು ಮುಖ ತಿರುಗಿಸಬಹುದು. ‘ನಿನ್ನ ಗೆಳೆಯರಲ್ಲಿ ಯಾರಿಗಾದರೂ ಬೇಕಾದೀತು, ಇಟ್ಟುಕೊಂಡಿರು’ ಎಂದು ಕೊಟ್ಟರೆ ಇಟ್ಟುಕೊಳ್ಳುತ್ತಾನೆ.

ಅಪ್ಪಂದಿರಿಗೆ ನನ್ನದೊಂದು ಕೋರಿಕೆ ಇದೆ. ಮಗನ ಗೆಳೆಯರನ್ನು ಮನೆಗೆ ಬರಲು ಬಿಡಿ, ಬಂದಾಗ ಎಷ್ಟು ಪರ್ಸೆಂಟ್ ಬಂತು ಎಂದು ಕೇಳದೆ ಊಟಕ್ಕೆ ಕೂರಿಸಿ. ಅವರ ಬಳಗದಲ್ಲಿ ಹುಡುಗಿಯರಿದ್ದರೆ ಅವರೂ ಹಗಲಲ್ಲಿ, ಎಲ್ಲರ ಜೊತೆ, ನಡುಮನೆಯಲ್ಲೇ ಕೂತು ಹರಟಲಿ. ಹತ್ತನೇ ಕ್ಲಾಸು ಮುಗಿದು ಬೇರೆ ಬೇರೆ ಊರು ಸೇರಿದ ಮೇಲೆ, ದಸರಾ ರಜೆಯಲ್ಲಿ ಮಗ ಹಳೇ ಗೆಳೆಯನ ಊರಿಗೆ ಹೋಗಿ ಬರುತ್ತೇನೆ ಎಂದರೆ ಟ್ಯೂಷನ್ ಇದೆ ಎಂದು ತಡೆಯಬೇಡಿ. ಅವನು ಕೇಳದಿದ್ದರೂ ‘ಅವನು ಹೇಗಿದ್ದಾನೋ, ನೋಡ್ಕೊಂಡು ಬಾ’ ಎಂದು ನೀವೇ ಬಸ್ ಚಾರ್ಜು ಕೊಟ್ಟು ಕಳಿಸಿ, ಎರಡು ದಿನ ಅಲ್ಲೇ ಉಳಿದು ಬರಲಿ.